ಪ್ರಭಾವಳಿ ಇದೆ, ನಟರಾಜನಿಲ್ಲ: ಕರಾವಳಿಯ ಮೂರ್ತಿ ವಿವಾದ ಮತ್ತು ತಲ್ಲೂರರ ಶಿಲ್ಪ

ಕಾರ್ಕಳ ತಾಲ್ಲೂಕು ಬೈಲೂರಿನ ಉಮಿಕ್ಕಳ ಬೆಟ್ಟದ ಮೇಲೆ 2023ರ ಜನವರಿಯಲ್ಲಿ 33 ಅಡಿ ಎತ್ತರದ ಪರಶುರಾಮನ ಮೂರ್ತಿ ಅನಾವರಣಗೊಂಡಾಗ ವಿಧಾನಸಭಾ ಚುನಾವಣೆಗೆ ನಾಲ್ಕು ತಿಂಗಳೂ ಉಳಿದಿರಲಿಲ್ಲ. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಆ ಮೂರ್ತಿಯ ಮೇಲ್ಭಾಗ ಬೆಟ್ಟದ ಮೇಲಿರಲಿಲ್ಲ. ಕಂಚಿನದೆಂದು ಹೇಳಿ ಬೇರೆ ವಸ್ತುವಿನಿಂದ ಮೂರ್ತಿ ಮಾಡಲಾಗಿದೆ ಎಂಬ ಆರೋಪ ಎದ್ದಿತು. ಪ್ರತಿಭಟನೆ, ಪ್ರತಿ-ಪ್ರತಿಭಟನೆ, ದೂರು, ತನಿಖೆಗಳು ಒಂದರ ಹಿಂದೊಂದು ಬಂದವು. ಪ್ರಕರಣ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಸಾರ್ವಜನಿಕರ ಹಣ ಎಲ್ಲಿ ಹೋಯಿತು ಎಂದು ಕೇಳುವುದು ಸಾರ್ವಜನಿಕರ ಹಕ್ಕು. ಅದರ ತೀರ್ಮಾನ ಕಾನೂನಿನ ದಾರಿಯಲ್ಲೇ ಆಗಬೇಕು. ಆದರೆ ಇಷ್ಟೆಲ್ಲ ಗದ್ದಲದ ನಡುವೆ ಒಂದು ಪ್ರಶ್ನೆ ಮಾತ್ರ ಹಿಂದೆಯೇ ಉಳಿಯಿತು. ಅದು ಕಂಚೋ, ಫೈಬರೋ, ಹಿತ್ತಾಳೆಯೋ ಎಂದು ಕೇಳಿದವರು ಸಾವಿರ ಮಂದಿ. ಶಿಲ್ಪವಾಗಿ ಅದು ಹೇಗಿತ್ತು, ಕರಾವಳಿಯನ್ನು ಸಮುದ್ರದಿಂದ ಪಡೆದನೆಂಬ ಪುರಾಣಪುರುಷನ ಬಗ್ಗೆ ಆ ಮೂರ್ತಿ ಹೊಸತಾಗಿ ಏನನ್ನಾದರೂ ಹೇಳುತ್ತಿತ್ತೇ ಎಂದು ಕೇಳಿದವರು ವಿರಳ. ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ 2022ರ ನವೆಂಬರ್‌ನಲ್ಲಿ ಅನಾವರಣಗೊಂಡ ಕೆಂಪೇಗೌಡರ ಪ್ರತಿಮೆಯ ವಿಷಯದಲ್ಲೂ ಹೀಗೆಯೇ ಆಯಿತು. 108 ಅಡಿ, 98 ಟನ್ ಕಂಚು, ನಾಲ್ಕು ಟನ್ ತೂಕದ ಖಡ್ಗ ಎಂಬ ಲೆಕ್ಕಗಳು ಎಲ್ಲರ ಬಾಯಲ್ಲೂ ಇದ್ದವು. ಕೆಂಪೇಗೌಡರ ಮುಖಭಾವದ ಬಗ್ಗೆ ನಾಲ್ಕು ಮಾತು ಬರೆದವರನ್ನು ಹುಡುಕಬೇಕು.

ಮೂರ್ತಿಯನ್ನು ಅಡಿ ಮತ್ತು ಟನ್ನುಗಳಲ್ಲಿ ಅಳೆಯುವ ಈ ಕಾಲದಲ್ಲಿ, ಅದೇ ಉಡುಪಿ ಜಿಲ್ಲೆಯ ಉತ್ತರ ಭಾಗದಿಂದ ಬಂದ ಶಿಲ್ಪಿಯೊಬ್ಬರು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಮಾಡುತ್ತ ಬಂದಿರುವ ಕೆಲಸವನ್ನು ನೋಡುವುದು ಉಪಯುಕ್ತ. ಕುಂದಾಪುರದ ಬಳಿಯ ಕೋಟೇಶ್ವರದಲ್ಲಿ 1971ರಲ್ಲಿ ಜನಿಸಿದ ಎಲ್.ಎನ್. ತಲ್ಲೂರು ಅವರ ಹೆಸರು ಮುಂಬಯಿ, ಬರ್ಲಿನ್, ನ್ಯೂಯಾರ್ಕ್‌ಗಳ ಕಲಾವಲಯಗಳಲ್ಲಿ ಪರಿಚಿತ. ಕೋಟೇಶ್ವರದ ಪೇಟೆಯಲ್ಲಿ ಎಷ್ಟು ಮಂದಿಗೆ ಪರಿಚಿತವೋ ಹೇಳಲಾಗದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಚಿತ್ರಕಲೆ, ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸಮಕಾಲೀನ ಕಲೆ ಅವರ ವಿದ್ಯಾಭ್ಯಾಸದ ಹಾದಿ. ಮುಂಬಯಿಯ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲಿ 2011ರಲ್ಲಿ ಅವರ ಪ್ರದರ್ಶನ ನಡೆಯಿತು. 2012ರಲ್ಲಿ ಸ್ಕೋಡಾ ಪ್ರಶಸ್ತಿ ಬಂತು. 2019ರಲ್ಲಿ ಅಮೆರಿಕದ ನ್ಯೂಜೆರ್ಸಿಯ ‘ಗ್ರೌಂಡ್ಸ್ ಫಾರ್ ಸ್ಕಲ್ಪ್ಚರ್’ ಶಿಲ್ಪೋದ್ಯಾನ ಅವರ ಹಲವು ವರ್ಷಗಳ ಕೃತಿಗಳನ್ನು ಒಟ್ಟಿಗೆ ಪ್ರದರ್ಶಿಸಿತು. ಕುಂದಾಪುರ ಮತ್ತು ದಕ್ಷಿಣ ಕೊರಿಯಾ ಎರಡರಲ್ಲೂ ನೆಲೆಯಿಟ್ಟುಕೊಂಡು ಕೆಲಸ ಮಾಡಿದವರು ಅವರು.

ಅವರ ಕೃತಿಗಳ ಪೈಕಿ ಹೆಚ್ಚು ಚರ್ಚೆಗೆ ಒಳಗಾದದ್ದು 2011ರ ‘ಯೂನಿಕೋಡ್’. ಚೋಳರ ಕಾಲದ ಕಂಚಿನ ನಟರಾಜನನ್ನು ಚಿತ್ರದಲ್ಲಾದರೂ ನೋಡದ ಕನ್ನಡಿಗನಿಲ್ಲ. ಸುತ್ತಲೂ ಜ್ವಾಲೆಗಳ ಪ್ರಭಾವಳಿ, ನಡುವೆ ಎತ್ತಿದ ಪಾದದ ನರ್ತಕ. ತಲ್ಲೂರರ ಕೃತಿಯಲ್ಲಿ ಕಂಚಿನ ಆ ಜ್ವಾಲಾವಲಯ ಹಾಗೆಯೇ ಇದೆ. ನಟರಾಜ ಮಾತ್ರ ಇಲ್ಲ. ಅವನಿರಬೇಕಾದ ಜಾಗದಲ್ಲಿ ಕಾಂಕ್ರೀಟಿನ ಒಂದು ದಪ್ಪ ಗುಂಡು ಕುಳಿತಿದೆ. ಅದರ ಮೈತುಂಬ ನಾಣ್ಯಗಳು ಹುದುಗಿವೆ. ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಮುಖವಿಲ್ಲ, ಲಯವೂ ಇಲ್ಲ.

ಮೊದಲ ನೋಟಕ್ಕೆ ಇದು ಸುಲಭದ ಟೀಕೆಯಂತೆ ಕಾಣುತ್ತದೆ. ದೇವರ ಜಾಗದಲ್ಲಿ ಹಣ ಕುಳಿತಿದೆ ಎಂದು ಹೇಳಲು ಶಿಲ್ಪವೇ ಬೇಕಿಲ್ಲ, ಯಾವ ಹರಿಕಥೆ ದಾಸರೂ ಹೇಳಬಲ್ಲರು. ಕೃತಿಯ ಬಲ ಇರುವುದು ಅದರ ಹೆಸರಿನಲ್ಲಿ ಎನ್ನಬೇಕು. ಆ ಹೆಸರನ್ನು ಕನ್ನಡದ ಓದುಗರಷ್ಟು ಚೆನ್ನಾಗಿ ಅರಿಯಬಲ್ಲವರು ಕಡಿಮೆ. ನುಡಿ, ಬರಹ ತಂತ್ರಾಂಶಗಳ ಕಾಲದಲ್ಲಿ ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ತೆರೆದಾಗ ಅಕ್ಷರಗಳ ಬದಲು ಅರ್ಥವಾಗದ ಚಿಹ್ನೆಗಳ ಸಾಲು ಮೂಡುತ್ತಿದ್ದುದನ್ನು ಹಲವರು ಮರೆತಿರಲಾರರು. ಪತ್ರಿಕಾ ಕಚೇರಿಗಳಲ್ಲಂತೂ ಅದು ದಿನನಿತ್ಯದ ಗೋಳಾಗಿತ್ತು. ಅಕ್ಷರ ಒಳಗೆ ಇರುತ್ತಿತ್ತು, ಓದುವ ಸಂಕೇತ ಸಿಗುತ್ತಿರಲಿಲ್ಲ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆ ಎಂದು ಬಂದದ್ದು ಯೂನಿಕೋಡ್. ತಲ್ಲೂರರ ಗುಂಡನ್ನು ಆ ಅರ್ಥವಾಗದ ಚಿಹ್ನೆಯಂತೆ ಓದಲು ಅವಕಾಶವಿದೆ. ಪ್ರಭಾವಳಿ ಎಂಬ ಚೌಕಟ್ಟು ಎಲ್ಲರಿಗೂ ಗುರುತು ಸಿಗುತ್ತದೆ, ಒಳಗಿದ್ದ ಅರ್ಥವನ್ನು ತೆರೆಯುವ ಸಂಕೇತ ಕೈತಪ್ಪಿದೆ. ಅಥವಾ ಇಂದು ಎಲ್ಲ ದೇಶ, ಎಲ್ಲ ಭಾಷೆಗಳಲ್ಲೂ ಓದಿಸಿಕೊಳ್ಳುವ ಏಕೈಕ ಅಕ್ಷರ ನಾಣ್ಯ ಎಂದೂ ಓದಬಹುದು. ಎರಡರಲ್ಲಿ ಯಾವುದು ಸರಿ ಎಂದು ಕೃತಿ ಹೇಳುವುದಿಲ್ಲ.

ನಟರಾಜನ ವಿಷಯದಲ್ಲಿ ಈ ಪ್ರಶ್ನೆ ಹುಸಿಯಲ್ಲ. ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಸಂಸ್ಥೆಯ ಆವರಣದಲ್ಲಿ 2004ರಿಂದ ಭಾರತ ಸರ್ಕಾರ ಕೊಟ್ಟ ನಟರಾಜ ನಿಂತಿದ್ದಾನೆ. ದೆಹಲಿಯ ಭಾರತ ಮಂಟಪದ ಮುಂದೆ 2023ರ ಜಿ-20 ಶೃಂಗಸಭೆಯ ಸಂದರ್ಭದಲ್ಲಿ 27 ಅಡಿಯ ಅಷ್ಟಧಾತು ನಟರಾಜನನ್ನು ನಿಲ್ಲಿಸಲಾಯಿತು. ಅದನ್ನು ಎರಕ ಹೊಯ್ದವರು ತಮಿಳುನಾಡಿನ ಸ್ವಾಮಿಮಲೈಯ ಸ್ಥಪತಿಗಳು, ಹಳೆಯ ಮೇಣದಚ್ಚಿನ ವಿಧಾನದಲ್ಲೇ. ಕುಶಲತೆಯಲ್ಲಿ ಕೊರತೆ ಹೇಳುವಂತಿಲ್ಲ. ಆದರೆ ಗರ್ಭಗುಡಿಯಿಂದ ಹೊರಬಂದ ಮೂರ್ತಿ ಒಂದು ಕಡೆ ವಿಜ್ಞಾನದ ರೂಪಕ, ಇನ್ನೊಂದು ಕಡೆ ರಾಷ್ಟ್ರದ ಲಾಂಛನ, ಮಗದೊಂದು ಕಡೆ ಹೋಟೆಲಿನ ಸ್ವಾಗತ ಕೊಠಡಿಯ ಅಲಂಕಾರ. ತಲ್ಲೂರರು ಅವನನ್ನು ವಲಯದೊಳಗಿಂದ ತೆಗೆದಾಗ ಎದ್ದು ಕಾಣುವುದು ಈ ಅತಿಬಳಕೆಯೇ. ನೋಡುಗ ಖಾಲಿ ಜಾಗದಲ್ಲಿ ನಟರಾಜನನ್ನು ತಾನೇ ಕಲ್ಪಿಸಿಕೊಳ್ಳಬೇಕಾಗುತ್ತದೆ. ಬಹಳ ದಿನಗಳ ಬಳಿಕ ಅವನನ್ನು ನಿಜಕ್ಕೂ ನೆನಪಿಸಿಕೊಳ್ಳುವುದು ಆಗಲೇ.

ಕರಾವಳಿಯವರಿಗೆ ಆ ಗುಂಡಿನಲ್ಲಿ ಮತ್ತೊಂದು ನೆನಪೂ ಇದೆ. ಇಲ್ಲಿಯ ದೇವಸ್ಥಾನಗಳ ಜೀರ್ಣೋದ್ಧಾರದಲ್ಲಿ ದೇವರ ಪ್ರತಿಷ್ಠೆಗೆ ಮುನ್ನ ಗರ್ಭಗುಡಿಯ ನೆಲದಡಿ ನಿಧಿಕುಂಭ ಇಡುವ ಕ್ರಮವುಂಟು. ಊರವರು ಸಾಲಾಗಿ ಬಂದು ಚಿನ್ನದ ಚೂರು, ಬೆಳ್ಳಿ, ನಾಣ್ಯಗಳನ್ನು ಅರ್ಪಿಸುತ್ತಾರೆ. ಮೂರ್ತಿ ಅದರ ಮೇಲೆ ನಿಲ್ಲುತ್ತದೆ, ಆ ಹಣವನ್ನು ಮುಂದೆ ಯಾರೂ ನೋಡುವುದಿಲ್ಲ. ಎಂದಿಗೂ ಖರ್ಚಾಗದ ಹಣ ಅದು. ‘ಯೂನಿಕೋಡ್’ನಲ್ಲಿ ಕೆಳಗಿರಬೇಕಾದ್ದು ಮೇಲೆ ಬಂದಿದೆ, ಮುಚ್ಚಿರಬೇಕಾದ್ದು ತೆರೆದುಕೊಂಡಿದೆ. ಶಿಲ್ಪಿಯ ಮನಸ್ಸಿನಲ್ಲಿ ಇದೇ ಇತ್ತೆಂದು ವಾದಿಸಬೇಕಾಗಿಲ್ಲ. ಈ ನೆಲದಲ್ಲಿ ಬೆಳೆದವರ ಕಣ್ಣಿಗೆ ಅದು ಕಾಣುತ್ತದೆ ಎಂಬುದಷ್ಟೇ ಮುಖ್ಯ. ಹಾಗೆಯೇ ಒಂದು ಕಾಕತಾಳೀಯ: ನಾಣ್ಯಗಳನ್ನು ಕರಗಿಸುವುದು, ನಾಶಪಡಿಸುವುದು ಅಪರಾಧವೆನ್ನುವ ಭಾರತದ ನಾಣ್ಯ ಕಾಯ್ದೆಯೂ 2011ರದೇ.

ಇಂತಹ ಕೃತಿಗಳ ಮಾತು ಬಂದಾಗಲೆಲ್ಲ ಕೇಳಿಬರುವ ಆಕ್ಷೇಪ ಒಂದಿದೆ. ಅಮೂರ್ತ ಕಲೆ ಪಾಶ್ಚಾತ್ಯರದು, ನಮ್ಮ ಜನರಿಗೆ ಅದು ಅರ್ಥವಾಗದು, ಅವರಿಗೆ ಕೈಕಾಲು ಮುಖ ಇರುವ ಮೂರ್ತಿಯೇ ಬೇಕು ಎಂಬುದು ಅದರ ತಾತ್ಪರ್ಯ. ಪ್ರತಿಮೆಗಳಿಗೆ ಹಣ ಮಂಜೂರು ಮಾಡುವವರ ಅಲಿಖಿತ ಸಿದ್ಧಾಂತವೂ ಇದೇ. ಈ ಮಾತನ್ನು ಒಪ್ಪುವ ಮೊದಲು ಕೋಟೇಶ್ವರದಿಂದ ಸುತ್ತಮುತ್ತ ಒಂದು ದಿನದ ಯಾತ್ರೆ ಹೊರಟರೆ ಸಾಕು. ದಕ್ಷಿಣಕ್ಕೆ ಕುಂಭಾಶಿಯ ಆನೆಗುಡ್ಡೆಯಲ್ಲಿ ವಿನಾಯಕನದು ಬಂಡೆಯಲ್ಲೇ ಮೂಡಿದ ರೂಪ. ಬೆಳ್ಳಿಯ ಕವಚ, ಹೂವಿನ ಅಲಂಕಾರಗಳ ಹಿಂದಿರುವುದು ಕಲ್ಲು. ಈಶಾನ್ಯಕ್ಕೆ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ಲೋಹಮೂರ್ತಿಯ ಮುಂದಿರುವ ಉದ್ಭವಲಿಂಗಕ್ಕೇ ಮೊದಲ ಮಹತ್ವ, ಅದರ ಮೇಲಿನ ಸ್ವರ್ಣರೇಖೆಯೇ ಅದರ ವಿವರವೆಲ್ಲ. ದೈವಸ್ಥಾನಗಳಿಗೆ ಹೋದರೆ ಎಷ್ಟೋ ದೈವಗಳಿಗೆ ಮೂರ್ತಿಯೇ ಇಲ್ಲ. ಒಂದು ಕಲ್ಲು, ಒಂದು ಮಂಚ, ಒಂದು ಖಡ್ಗ ಸಾಕಾಗಿದೆ. ಘಟ್ಟ ಹತ್ತಿ ಬಯಲುಸೀಮೆಗೆ ಹೋದರೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದಿಟ್ಟಿಸುವ ಲಕ್ಷಾಂತರ ಮಂದಿ ಇದ್ದಾರೆ. ಅದರಷ್ಟು ಶುದ್ಧವಾದ ಅಮೂರ್ತ ಆಕಾರವನ್ನು ಯುರೋಪಿನ ಯಾವ ಆಧುನಿಕ ಶಿಲ್ಪಿಯೂ ಜನರ ಕೈಗೆ ಕೊಟ್ಟಿಲ್ಲ. ಮೂರ್ತಿ, ಮೂರ್ತ, ಅಮೂರ್ತ ಮೂರೂ ಒಂದೇ ಬೇರಿನ ಮಾತುಗಳು. ಆಡುವವರಿಗೆ ಅದು ಕಷ್ಟವಾಗಿಲ್ಲ.

ವ್ಯತ್ಯಾಸವಿಲ್ಲವೇ? ಖಂಡಿತ ಇದೆ. ಬನದ ಕಲ್ಲಿಗೆ ಒಂದು ಕುಟುಂಬ, ಒಂದು ಊರು, ವರ್ಷಕ್ಕೊಂದು ದಿನ ಇರುತ್ತದೆ. ಅದನ್ನು ಯಾರೂ ಕೊಂಡು ಹಡಗಿಗೆ ಹಾಕುವುದಿಲ್ಲ. ತಲ್ಲೂರರ ಕೃತಿ ಗ್ಯಾಲರಿಯ ಬಿಳಿಗೋಡೆಯ ಮುಂದೆ ನಿಲ್ಲುತ್ತದೆ, ಮಾರಾಟವಾಗುತ್ತದೆ, ದೇಶ ಬಿಡುತ್ತದೆ. ಹಣವನ್ನು ಗೇಲಿ ಮಾಡುವ ಶಿಲ್ಪವೇ ದೊಡ್ಡ ಬೆಲೆಗೆ ಹೋಗುವ ವೈಚಿತ್ರ್ಯ ಸಮಕಾಲೀನ ಕಲೆಯಲ್ಲಿ ಹೊಸತಲ್ಲ. ಆ ಪ್ರಶ್ನೆಯಿಂದ ತಲ್ಲೂರರಿಗೂ ವಿನಾಯಿತಿ ಸಿಗದು. ಅವರು ಅದನ್ನು ತಪ್ಪಿಸಿಕೊಳ್ಳಲು ನೋಡಿಲ್ಲ, ಕೃತಿಗಳಿಗೇ ವಸ್ತುವನ್ನಾಗಿ ಮಾಡಿಕೊಂಡಿದ್ದಾರೆ ಎನ್ನುವುದು ಮೆಚ್ಚಬೇಕಾದ ಅಂಶ. ‘ಕ್ರೊಮ್ಯಾಟೊಫೋಬಿಯಾ’ ಎಂಬ ಕೃತಿಯಲ್ಲಿ ನೋಡಬಂದವರೇ ಸುತ್ತಿಗೆ ಹಿಡಿದು ಮರದ ದಿಮ್ಮಿಗೆ ನಾಣ್ಯ ಜಡಿಯಬೇಕು. ಹಣದ ಭಯ ಎಂಬುದು ಅದರ ಉಪಶೀರ್ಷಿಕೆ. ‘ಅಪೊಕ್ಯಾಲಿಪ್ಸ್’ನಲ್ಲಿ ನಾಣ್ಯ ಹೊಳಪು ಮಾಡುವ ಯಂತ್ರವೊಂದಿದೆ. ಅದಕ್ಕೆ ಹಾಕಿದ ನಾಣ್ಯ ಫಳಫಳ ಹೊಳೆಯುತ್ತ ಹೊರಬರುವಷ್ಟರಲ್ಲಿ ಅದರ ಮುದ್ರೆ ಸವೆಯುತ್ತ ಹೋಗಿರುತ್ತದೆ. ಮುದ್ರೆ ಹೋದ ನಾಣ್ಯ ಬರಿಯ ಬಿಲ್ಲೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ಬರಿಯ ಕಾಗದವಾದುದನ್ನು ಕಂಡ ದೇಶಕ್ಕೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಎಲ್ಲ ಕೃತಿಗಳೂ ಒಂದೇ ತೂಕದವಲ್ಲ ಎಂದೂ ಹೇಳಬೇಕು. ಜನ ಕೈಹಾಕಿ ಆಡುವ ಯಂತ್ರಗಳಲ್ಲಿ ಮೋಜು ಮುಂದಾಗಿ ಮಾತು ಹಿಂದಾಗುವ ಅಪಾಯವಿದೆ. ಜಾತ್ರೆಯ ಆಟದಂತೆ ನಾಣ್ಯ ಹಾಕಿ, ನಕ್ಕು, ಮುಂದೆ ಹೋಗುವವರೇ ಹೆಚ್ಚು. ಅವರ ಅತ್ಯುತ್ತಮ ಕೃತಿಗಳು ಬಹುಮಟ್ಟಿಗೆ ಅಲುಗಾಡದೆ ನಿಂತಿರುವವು.

ಕೊಚ್ಚಿಯಲ್ಲಿ 2012ರಲ್ಲಿ ನಡೆದ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆಯಲ್ಲಿ ಅವರು ಮಾಡಿದ್ದ ಕೃತಿ ಅಂಥದ್ದು. ‘ಬಂದೆ, ಕಂಡೆ, ಗೆದ್ದೆ’ ಎಂಬ ಅರ್ಥದ ಲ್ಯಾಟಿನ್ ಹೆಸರು ಅದಕ್ಕೆ. ವಸ್ತು ಮಾತ್ರ ಅಪ್ಪಟ ಕರಾವಳಿಯದು: ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಬಳಿಕ ಮುಳಿಹುಲ್ಲಿನ ಮಾಡುಗಳನ್ನು ಸರಿಸಿ, ಕೇರಳದಿಂದ ಮುಂಬಯಿವರೆಗೂ, ಸಮುದ್ರದಾಚೆಗೂ ಹಬ್ಬಿದ ಹೆಂಚು ಅದು. ಈಗ ಆ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ತಣ್ಣಗಾಗಿವೆ, ಕಾಂಕ್ರೀಟು ತಾರಸಿ ಬಂದಿದೆ. ತಲ್ಲೂರರು ಹೆಂಚಿನ ಮಾಡನ್ನು ಕಟ್ಟಿ, ಅದರ ಮೇಲೆ ಹಠಯೋಗದ ಭಂಗಿಗಳಲ್ಲಿರುವ ಪುಟ್ಟ ಮಣ್ಣಿನ ಆಕೃತಿಗಳನ್ನು ಕೂರಿಸಿದರು. ಹೊರಗಿನಿಂದ ಬಂದ ತಂತ್ರಜ್ಞಾನ ಇಲ್ಲಿಯ ಗುರುತಾಯಿತು, ಇಲ್ಲಿಯ ಯೋಗ ಹೊರಗೆ ಹೋಗಿ ಸರಕಾಯಿತು. ಹೆಂಚು ಮತ್ತು ಯೋಗಿ ಎರಡೂ ಒಂದೇ ಜೇಡಿಮಣ್ಣಿನವು. ಯಾರು ಬಂದವರು, ಯಾರು ಗೆದ್ದವರು ಎಂಬುದನ್ನು ನೋಡುವವರು ನಿರ್ಧರಿಸಬೇಕು. ಸಂಸ್ಕೃತಿಯ ಶುದ್ಧತೆಯ ಬಗ್ಗೆ ವೇದಿಕೆಗಳಲ್ಲಿ ನಡೆಯುವ ಚರ್ಚೆಗಳಿಗಿಂತ ಈ ಮಾಡು ಹೆಚ್ಚು ಹೇಳುತ್ತದೆ.

ಬರೋಡದಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರ ಓದಿದ್ದು ತಲ್ಲೂರರ ಕಲೆಯಲ್ಲಿ ಕಾಣುತ್ತದೆ. ಪೂಜೆಯಲ್ಲಿದ್ದ ಮೂರ್ತಿ ಸಂಗ್ರಹಾಲಯಕ್ಕೆ ಬಂದಾಗ ಏನಾಗುತ್ತದೆ ಎಂಬುದು ಅವರು ಮತ್ತೆ ಮತ್ತೆ ಕೈಗೆತ್ತಿಕೊಂಡ ವಿಷಯ. ಉಡುಪಿ ಜಿಲ್ಲೆಯವರಿಗೆ ಇದು ದೂರದ ಮಾತಲ್ಲ. ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಕೆಂಪು ಬಣ್ಣದ ಮರದ ಭೂತಗಳು ನಾಡಿನಲ್ಲೇ ಹೆಸರಾದವು. ಅಲ್ಲಿ ಹೊಸ ಮೂರ್ತಿಗಳು ಬಂದಾಗ ಹಳೆಯವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ಇಲ್ಲಿ ಜೀರ್ಣವಾದ ಮರದ ಮೂರ್ತಿಯನ್ನು ವಿಧಿಪೂರ್ವಕವಾಗಿ ಬಿಟ್ಟುಕೊಟ್ಟು, ಹೊಸದನ್ನು ಕೆತ್ತಿಸಿ, ಶಕ್ತಿಯನ್ನು ಅದಕ್ಕೆ ವರ್ಗಾಯಿಸುವುದು ಪದ್ಧತಿ. ಮಳೆ, ಗೆದ್ದಲು, ಕಾಲ ಇವು ಮೂರ್ತಿಯ ಶತ್ರುಗಳಲ್ಲ, ಅದರ ಆಯುಷ್ಯದ ಭಾಗ. ಸಂಗ್ರಹಾಲಯ ಇದಕ್ಕೆ ತದ್ವಿರುದ್ಧ. ಅಲ್ಲಿ ಗೆದ್ದಲಿಗೆ ಔಷಧಿ ಹೊಡೆದು ಮೂರ್ತಿಯನ್ನು ಸಾಯಗೊಡದೆ ಇಡಲಾಗುತ್ತದೆ.

ತಲ್ಲೂರರ 2014ರ ‘ಮಿಲ್ಡ್ ಹಿಸ್ಟರಿ’ಯನ್ನು ಈ ಎರಡರ ನಡುವೆ ಇಟ್ಟು ನೋಡಬೇಕು. ಮರಳುಗಲ್ಲಿನ ಆ ಶಿಲ್ಪ ಗೆದ್ದಲು ತಿಂದುಳಿದ ಮರದ ಮೂರ್ತಿಯಂತೆ ಕಾಣುತ್ತದೆ. ತಲೆ ಎಲ್ಲಿ, ಭುಜ ಎಲ್ಲಿ ಎಂದು ಕಣ್ಣು ಹುಡುಕುತ್ತದೆ, ಸಿಕ್ಕಿತೆನ್ನುವಷ್ಟರಲ್ಲಿ ಆಕಾರ ಜಾರಿಹೋಗುತ್ತದೆ. ಅಮೂರ್ತತೆ ಇಲ್ಲಿ ಕಲಾಶಾಲೆಯ ಸಿದ್ಧಾಂತದಿಂದ ಬಂದಂತಿಲ್ಲ, ಸವೆತದಿಂದ ಬಂದಂತಿದೆ. ಕರಾವಳಿಯ ಮಳೆಯಲ್ಲಿ ಹತ್ತು ವರ್ಷ ನಿಂತ ಯಾವ ಮರವೂ ತಾನೇ ಈ ಪಾಠ ಕಲಿಸುತ್ತದೆ. ಆದರೆ ಅದನ್ನು ಕಲ್ಲಿನಲ್ಲಿ ನಿಲ್ಲಿಸಿದಾಗ, ನಾಶವೇ ಶಾಶ್ವತವಾದಂತಾಗಿ ನೋಡುವವರಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ.

ಮರಳಿ ಕಾರ್ಕಳಕ್ಕೆ. ಆ ಊರಿಗೆ ಮೂರ್ತಿ ಹೊಸತಲ್ಲ. 1432ರಲ್ಲಿ ಅಲ್ಲಿಯ ಅರಸ ವೀರಪಾಂಡ್ಯ ನಿಲ್ಲಿಸಿದ, 42 ಅಡಿ ಎತ್ತರದ ಏಕಶಿಲಾ ಗೊಮ್ಮಟ ಇಂದಿಗೂ ಅಲ್ಲಿದ್ದಾನೆ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠಾಪನೆಗೊಂಡ 39 ಅಡಿಯ ಬಾಹುಬಲಿಯನ್ನು ಕಡೆದ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರೂ ಕಾರ್ಕಳದ ಕಡೆಯವರೇ. ಆ ಮೂರ್ತಿಗಳೂ ಎತ್ತರವೇ. ಆದ್ದರಿಂದ ಎತ್ತರವನ್ನು ದೂಷಿಸಿ ಪ್ರಯೋಜನವಿಲ್ಲ. ಗೊಮ್ಮಟನ ಎತ್ತರಕ್ಕೆ ಒಂದು ಕಾರಣವಿದೆ: ಎಲ್ಲವನ್ನೂ ಬಿಟ್ಟು ನಿಂತವನ ಮುಂದೆ ನಿಂತವನು ಚಿಕ್ಕವನಾಗಬೇಕು. ಈಚಿನ ಪ್ರತಿಮೆಗಳ ಎತ್ತರಕ್ಕೆ ಅಂಥ ಕಾರಣ ಕೇಳಿದರೆ ಸಿಗುವ ಉತ್ತರ ಪಕ್ಕದ ಪ್ರತಿಮೆಗಿಂತ ಇದು ಎಷ್ಟು ಅಡಿ ಹೆಚ್ಚು ಎಂಬುದು. ಕರಾವಳಿಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಮುರ್ಡೇಶ್ವರದ ಕಡಲ ದಂಡೆಯಲ್ಲಿ 123 ಅಡಿಯ ಕಾಂಕ್ರೀಟಿನ ಶಿವ ಕುಳಿತಿದ್ದಾನೆ. ಕಡಲ ಹಿನ್ನೆಲೆಯಲ್ಲಿ ಅವನ ಜೊತೆ ಫೋಟೊ ತೆಗೆಸಿಕೊಳ್ಳದೆ ಹಿಂತಿರುಗುವ ಪ್ರವಾಸಿಗರು ಕಡಿಮೆ. ಅದರಲ್ಲಿ ತಪ್ಪೇನೂ ಇಲ್ಲ. ಕರಾವಳಿಯ ಬೆಟ್ಟಗಳೆಲ್ಲ ಅದೇ ಮಾದರಿಯನ್ನು ಹೊರಬೇಕೇ ಎಂಬುದು ಮಾತ್ರ ಪ್ರಶ್ನೆ.

ಸರ್ಕಾರದ ವ್ಯವಸ್ಥೆಯಲ್ಲೇ ಒಂದು ಬಿರುಕಿದೆ. ರಾಜ್ಯದಲ್ಲಿ ಶಿಲ್ಪಕಲಾ ಅಕಾಡೆಮಿ ಬೇರೆ, ಲಲಿತಕಲಾ ಅಕಾಡೆಮಿ ಬೇರೆ. ಶಾಸ್ತ್ರಬದ್ಧವಾಗಿ ಕಡೆಯುವ ಶಿಲ್ಪಿ ಒಂದು ಬಾಗಿಲಲ್ಲಿ, ಆಧುನಿಕ ಕಲಾವಿದ ಇನ್ನೊಂದು ಬಾಗಿಲಲ್ಲಿ ನಿಲ್ಲುವುದು ರೂಢಿಯಾಗಿದೆ. ನಟರಾಜನ ಪ್ರಭಾವಳಿಯನ್ನೂ ಕಾಂಕ್ರೀಟು ಗುಂಡನ್ನೂ ಒಟ್ಟಿಗೆ ಎರಕ ಹೊಯ್ದವರು ಯಾವ ಬಾಗಿಲಿಗೆ ಹೋಗಬೇಕು? ಪ್ರತಿಮೆಯ ಕೆಲಸಕ್ಕೆ ಈ ಎರಡೂ ಅಕಾಡೆಮಿಗಳ ಅಭಿಪ್ರಾಯ ಪಡೆಯಲೇಬೇಕೆಂಬ ಒತ್ತಾಯ ಎಲ್ಲೂ ಬಲವಾಗಿ ಕೇಳಿಬಂದಿಲ್ಲ. ಸ್ಥಳ ನೋಡುವವರು, ಅಂದಾಜುಪಟ್ಟಿ ಬರೆಯುವವರು, ಬಿಲ್ಲು ಪಾಸು ಮಾಡುವವರು ಎಲ್ಲರೂ ಇದ್ದಾರೆ. ಮಾದರಿಯನ್ನು ಜನರ ಮುಂದಿಟ್ಟು, ನಾಲ್ಕು ಮಂದಿ ಶಿಲ್ಪಿಗಳಿಂದ ವಿಮರ್ಶೆ ಬರೆಸಿ, ಬೇಡವೆಂದರೆ ಬೇರೆ ಮಾದರಿ ಕೇಳುವ ಹಂತವೊಂದು ಇದ್ದಿದ್ದರೆ ಉಮಿಕ್ಕಳ ಬೆಟ್ಟದ ಮೇಲೆ ಏನಾಗುತ್ತಿತ್ತು ಎಂದು ಊಹಿಸಬಹುದು. ಮೂರ್ತಿ ಯಾವ ವಸ್ತುವಿನದೆಂಬ ಪ್ರಶ್ನೆಯೂ ಆ ಮೇಜಿನ ಮೇಲೆಯೇ, ಅನಾವರಣಕ್ಕೆ ಮೊದಲೇ ಇತ್ಯರ್ಥವಾಗುತ್ತಿತ್ತು.

ಬೆಟ್ಟದ ಮೇಲಿನ ಪರಶುರಾಮನ ಮೇಲ್ಭಾಗ ಹೋದ ದಿನಗಳಲ್ಲಿ ಪೀಠದ ಮೇಲಿನ ಉಳಿದರ್ಧದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದವು. ಸೊಂಟದ ಮೇಲೆ ಏನೂ ಇಲ್ಲದೆ, ಆಕಾಶಕ್ಕೆ ಎದುರಾಗಿ ನಿಂತ ಕಾಲುಗಳು. ಅದನ್ನು ನೋಡಿದವರಲ್ಲಿ ಪರ ವಿರೋಧದ ಮಾತು ಬಿಟ್ಟು ಒಂದು ಗಳಿಗೆ ಸುಮ್ಮನಾದವರೂ ಇದ್ದಿರಬೇಕು.